ಒಕ್ಕಲುತನ ಮತ್ತು ಒಪ್ಪಿಗೆ: ಜಾವಗಲ್ ಸೀಮೆಯ ಯುವಜನರ ವಿವಾಹ ಸಮಸ್ಯೆಯ ಒಂದು ವಿವೇಚನೆ

1. ಪೀಠಿಕೆ

ಬೇಸಾಯ ಮಾಡುವ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ ಎಂಬ ಮಾತು ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಕಳೆದ ಎರಡು ದಶಕಗಳಿಂದ ಕೇಳಿಬರುತ್ತಿದೆ. ಮೊದಮೊದಲು ಸಂತೆಯಲ್ಲಿ, ಹಾಲಿನ ಡೈರಿಯ ಮುಂದೆ ಪರಿಹಾಸ್ಯದ ಧಾಟಿಯಲ್ಲಿ ಆಡುತ್ತಿದ್ದ ಈ ಮಾತು ಇಂದು ತಂದೆತಾಯಿಗಳ ಬಹುದೊಡ್ಡ ಚಿಂತೆಯಾಗಿ ಪರಿಣಮಿಸಿದೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮೂವತ್ತು ದಾಟಿದ ಅವಿವಾಹಿತ ಯುವಕರು ಪಾದಯಾತ್ರೆ ಕೈಗೊಂಡರು. ಮದುವೆಯಾಗಲೆಂದು ಹರಕೆ ಹೊತ್ತು ಹೊರಟ ಈ 'ಬ್ರಹ್ಮಚಾರಿಗಳ ಪಾದಯಾತ್ರೆ' ರಾಜ್ಯದ ಗಮನವನ್ನು ಸೆಳೆಯಿತು. ಅದೇ ವರ್ಷದ ವಿಧಾನಸಭಾ ಚುನಾವಣೆಯ ಪ್ರಚಾರದಲ್ಲಿ ಜಾತ್ಯತೀತ ಜನತಾದಳದ ನಾಯಕ ಎಚ್.ಡಿ. ಕುಮಾರಸ್ವಾಮಿಯವರು ರೈತರ ಮಕ್ಕಳನ್ನು ವರಿಸುವ ಹೆಣ್ಣುಮಕ್ಕಳಿಗೆ 2 ಲಕ್ಷ ರೂಪಾಯಿ ನೀಡುವ ಭರವಸೆಯನ್ನು ಮುಂದಿಟ್ಟರು. ಮನೆಯೊಳಗಿನ ದುಗುಡವೊಂದು ಹೀಗೆ ದೇವರ ಸನ್ನಿಧಿಗೂ ಚುನಾವಣೆಯ ವೇದಿಕೆಗೂ ಬಂದು ನಿಂತಿತು.

ಈ ಸಮಸ್ಯೆಯನ್ನು ಸಾಮಾನ್ಯವಾಗಿ 'ಹೆಣ್ಣಿನ ಕೊರತೆ' ಎಂದು ಕರೆಯಲಾಗುತ್ತದೆ. ಇಲ್ಲವೇ 'ಓದಿದ ಹುಡುಗಿಯರ ಅತಿಯಾಸೆ' ಎಂದು ದೂರಲಾಗುತ್ತದೆ. ಈ ಎರಡು ವಿವರಣೆಗಳೂ ಅಪೂರ್ಣವೆಂಬುದು ಪ್ರಸ್ತುತ ಲೇಖನದ ನಿಲುವು. ಇಂದಿನ ಬಿಕ್ಕಟ್ಟು ಮುಖ್ಯವಾಗಿ ಒಕ್ಕಲುತನದ ಬಗೆಗೆ ಹೆಣ್ಣುಮಕ್ಕಳು ಕೊಡುತ್ತಿರುವ ತೀರ್ಪು. ಹಿಂದಿನ ತಲೆಮಾರಿನ ಹೆಂಗಸರಿಗೆ ಆ ತೀರ್ಪನ್ನು ಬಾಯಿಬಿಟ್ಟು ಹೇಳುವ ಅವಕಾಶವಿರಲಿಲ್ಲ. ಹಾಸನ ಜಿಲ್ಲೆಯ ಜಾವಗಲ್ ಸೀಮೆಯನ್ನು ಮುಂದಿಟ್ಟುಕೊಂಡು ಈ ಮಾತನ್ನು ಇಲ್ಲಿ ವಿಶದಪಡಿಸಲು ಪ್ರಯತ್ನಿಸಲಾಗಿದೆ.

2. ಜಾವಗಲ್ ಸೀಮೆಯ ಹಿನ್ನೆಲೆ

ಜಾವಗಲ್ ಅರಸೀಕೆರೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಬಾಣಾವರದಿಂದ ಹಳೇಬೀಡಿಗೆ ಸಾಗುವ ಹಾದಿಯಲ್ಲಿ, ಮಲೆನಾಡಿನ ಸೆರಗು ಮುಗಿದು ಬಯಲುಸೀಮೆ ಆರಂಭವಾಗುವ ಎಡೆಯಲ್ಲಿ ಈ ಊರಿದೆ. ಹದಿಮೂರನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವು ಹೊಯ್ಸಳ ಶೈಲಿಯ ತ್ರಿಕೂಟಾಚಲ. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ದರ್ಗಾ ಕೂಡ ಇಲ್ಲಿದೆ. 2023ರಲ್ಲಿ ಬೇಲೂರು, ಹಳೇಬೀಡು ಹಾಗೂ ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸಮೀಪದಲ್ಲೇ ಇರುವ ಜಾವಗಲ್ ಆ ಪಟ್ಟಿಯಲ್ಲಿಲ್ಲ. ಪ್ರವಾಸೋದ್ಯಮದಿಂದ ಒದಗಬಹುದಾದ ಉದ್ಯೋಗವೂ ಹಳೇಬೀಡಿನ ಆಚೆಗೆ ಹೆಚ್ಚು ಹರಿದುಬಂದಿಲ್ಲ.

ಈ ಊರಿನ ಹೆಸರನ್ನು ಜಗತ್ತಿಗೆ ಪರಿಚಯಿಸಿದವರು ವೇಗದ ಬೌಲರ್ ಜಾವಗಲ್ ಶ್ರೀನಾಥ್. 1991ರಿಂದ 2003ರವರೆಗೆ ಭಾರತ ತಂಡದಲ್ಲಿ ಆಡಿದ ಅವರು ಹುಟ್ಟಿ ಬೆಳೆದದ್ದು, ಎಂಜಿನಿಯರಿಂಗ್ ಓದಿದ್ದು ಮೈಸೂರಿನಲ್ಲಿ. ಹಳೆಯ ಮೈಸೂರು ಸೀಮೆಯ ಜನ ಊರಿನ ಹೆಸರನ್ನು ತಮ್ಮ ಹೆಸರಿನ ಮೊದಲಕ್ಷರವಾಗಿ ಹೊತ್ತು ನಡೆಯುವುದು ರೂಢಿ. ಊರಿನಲ್ಲಿ ಉಳಿಯದವರ ಹೆಸರಿನಲ್ಲೂ ಊರು ಉಳಿಯುತ್ತದೆ. ಒಂದು ಕಾಲಕ್ಕೆ ಓದಿದ ಕೆಲವು ಕುಟುಂಬಗಳಿಗೆ ಸೀಮಿತವಾಗಿದ್ದ ಈ ವಲಸೆ ಇಂದು ಎಲ್ಲ ಸಮುದಾಯಗಳ ಯುವಜನರಿಗೂ ಸಹಜವಾಗಿದೆ.

ಈ ಭಾಗದ ಬದುಕು ನಿಂತಿರುವುದು ತೆಂಗು, ರಾಗಿ, ಮುಸುಕಿನ ಜೋಳ, ಆಲೂಗಡ್ಡೆ ಮತ್ತು ಹಾಲಿನ ಮೇಲೆ. ಹೇಮಾವತಿ, ಯಗಚಿ ನದಿಗಳು ಹರಿಯುವ ಜಿಲ್ಲೆಯಲ್ಲಿದ್ದರೂ ಅರಸೀಕೆರೆ ತಾಲ್ಲೂಕು ಬರಪೀಡಿತ ಪ್ರದೇಶವೆಂದೇ ಹೆಸರಾಗಿದೆ. ಯಗಚಿಯ ನೀರನ್ನು ರಣಘಟ್ಟದ ಮೂಲಕ ಹರಿಸಬೇಕೆಂದು ಹಳೇಬೀಡು, ಮಾದಿಹಳ್ಳಿ, ಜಾವಗಲ್ ಭಾಗದ ರೈತರು ಬಹುಕಾಲ ಹೋರಾಡಿದ್ದಾರೆ. ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಉದ್ಘಾಟನೆಯಾಯಿತು. ಆದರೆ ಅದು ಮೂಲತಃ ಕುಡಿಯುವ ನೀರಿನ ಯೋಜನೆ. ಬೇಸಾಯ ಇಂದಿಗೂ ಮಳೆ ಮತ್ತು ಕೊಳವೆಬಾವಿಗಳನ್ನೇ ನಂಬಿದೆ.

ತೆಂಗಿನ ಕಥೆಯೂ ಅನಿಶ್ಚಿತತೆಯ ಕಥೆಯೇ. 2000ದ ಆಸುಪಾಸಿನಲ್ಲಿ ಹಬ್ಬಿದ ನುಸಿಪೀಡೆ, ಅದರೊಡನೆ ಕಾಂಡ ಸೋರುವ ರೋಗ, ಕಪ್ಪುತಲೆ ಹುಳು, ಮೇಲಿಂದ ಮೇಲೆ ಬಂದ ಬರ ಇವೆಲ್ಲ ಕೂಡಿ ಈ ಭಾಗದ ತೋಟಗಳನ್ನು ಕಂಗೆಡಿಸಿದವು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆಯ ದರ ಸುಮಾರು 8,000 ರೂಪಾಯಿಗೆ ಕುಸಿಯಿತು. 2025ರಲ್ಲಿ ಅದೇ ಕೊಬ್ಬರಿಯ ಬೆಲೆ 20,000 ರೂಪಾಯಿಯನ್ನು ದಾಟಿತು. ಎರಡು ವರ್ಷಗಳಲ್ಲಿ ಇಷ್ಟು ಏರಿಳಿಯುವ ಆದಾಯವನ್ನು ನಂಬಿ ಸಂಸಾರ ಹೂಡುವುದು ಹೇಗೆಂಬ ಪ್ರಶ್ನೆ ಹೆಣ್ಣಿನ ಕಡೆಯವರಿಗೆ ಮಾತ್ರವಲ್ಲ, ಗಂಡಿನ ಕಡೆಯವರಿಗೂ ಇದೆ. ತಮ್ಮ ಮಗಳನ್ನು ಬೇಸಾಯಗಾರನಿಗೆ ಕೊಡಲೊಲ್ಲದ ರೈತ ತಂದೆಯೇ ತನ್ನ ಮಗನಿಗೆ ಹೆಣ್ಣು ಹುಡುಕುತ್ತ ಅಲೆಯುವ ವೈರುಧ್ಯ ಈ ಸೀಮೆಯಲ್ಲಿ ಅಪರೂಪವೇನಲ್ಲ.

3. ಸಂಖ್ಯೆಯ ಕೊರತೆಯೇ?

2011ರ ಜನಗಣತಿಯ ಪ್ರಕಾರ ಹಾಸನ ಜಿಲ್ಲೆಯಲ್ಲಿ ಪ್ರತಿ 1,000 ಗಂಡಸರಿಗೆ 1,010 ಹೆಂಗಸರಿದ್ದರು. ಆಗ ರಾಜ್ಯದ ಸರಾಸರಿ 973. ಈ ಅಂಕಿಗಳನ್ನು ಮಾತ್ರ ನೋಡಿದರೆ ಹಾಸನದಲ್ಲಿ ಹೆಣ್ಣಿನ ಕೊರತೆಯೇ ಇಲ್ಲವೆನ್ನಬೇಕಾಗುತ್ತದೆ. ಆದರೆ ದುಡಿಮೆಗಾಗಿ ಗಂಡಸರು ಹೊರಗೆ ಹೋಗುವ ಜಿಲ್ಲೆಗಳಲ್ಲಿ ಹೆಂಗಸರ ಅನುಪಾತ ಹೆಚ್ಚಾಗಿ ಕಾಣುವುದು ಸಹಜ. 2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ಶೇ. 15ಕ್ಕಿಂತ ಹೆಚ್ಚಾಗಿ ಬೆಳೆದರೆ ಹಾಸನ ಜಿಲ್ಲೆಯ ಬೆಳವಣಿಗೆ ಶೇ. 3ರ ಆಸುಪಾಸಿನಲ್ಲಿತ್ತು, ನೆರೆಯ ಚಿಕ್ಕಮಗಳೂರಿನಲ್ಲಿ ಜನಸಂಖ್ಯೆ ತುಸು ಇಳಿಯಿತು. ಜನನ ಪ್ರಮಾಣದ ಇಳಿಕೆ ಮತ್ತು ವಲಸೆ ಇವೆರಡನ್ನೂ ಈ ಅಂಕಿಗಳು ಸೂಚಿಸುತ್ತವೆ.

ಸಂಖ್ಯೆಯ ಪಾತ್ರವೇ ಇಲ್ಲವೆಂದು ಇದರ ಅರ್ಥವಲ್ಲ. 2001ರಲ್ಲಿ ಕರ್ನಾಟಕದಲ್ಲಿ ಆರು ವರ್ಷದೊಳಗಿನ 1,000 ಗಂಡುಮಕ್ಕಳಿಗೆ 946 ಹೆಣ್ಣುಮಕ್ಕಳಿದ್ದರು. ಅಂದಿನ ಆ ಮಕ್ಕಳೇ ಇಂದು ಮದುವೆಯ ವಯಸ್ಸಿನಲ್ಲಿರುವವರು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾಯಿದೆ 1994ರಲ್ಲೇ ರೂಪುಗೊಂಡಿದ್ದರೂ, 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಆ ಕೃತ್ಯ ನಡೆಯುತ್ತಿದ್ದ ಜಾಲ ಬಯಲಾಯಿತು. ಇದಲ್ಲದೆ, ಗಂಡಿಗಿಂತ ಹೆಣ್ಣು ನಾಲ್ಕೈದು ವರ್ಷ ಚಿಕ್ಕವಳಿರಬೇಕೆಂಬ ರೂಢಿಯೂ ಇಲ್ಲಿ ಮುಖ್ಯವಾಗುತ್ತದೆ. ಜನನ ಪ್ರಮಾಣ ವರ್ಷದಿಂದ ವರ್ಷಕ್ಕೆ ಇಳಿಯುವ ಸಮಾಜದಲ್ಲಿ ಹಿಂದೆ ಹುಟ್ಟಿದ ದೊಡ್ಡ ಗುಂಪಿನ ಗಂಡಸರು ಮುಂದೆ ಹುಟ್ಟಿದ ಸಣ್ಣ ಗುಂಪಿನ ಹೆಣ್ಣುಗಳಲ್ಲಿ ಸಂಗಾತಿಯನ್ನು ಅರಸಬೇಕಾಗುತ್ತದೆ. ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 1.7ಕ್ಕೆ ಇಳಿದಿದೆ.

ಆದರೆ ಕೊರತೆ ಕೇವಲ ಸಂಖ್ಯೆಯದಾಗಿದ್ದರೆ ಅದು ಎಲ್ಲ ಗಂಡುಗಳನ್ನೂ ಸಮನಾಗಿ ಕಾಡಬೇಕಿತ್ತು. ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಬೆಂಗಳೂರಿನಲ್ಲಿ ಸಂಬಳದ ಕೆಲಸ ಹಿಡಿದ ತಮ್ಮನಿಗೆ ಸಂಬಂಧ ಕೂಡಿಬಂದು, ಆಸ್ತಿಯನ್ನು ನೋಡಿಕೊಂಡು ಊರಲ್ಲೇ ಉಳಿದ ಅಣ್ಣನಿಗೆ ಕೂಡಿಬಾರದಿರುವುದನ್ನು ಸಂಖ್ಯೆ ವಿವರಿಸಲಾರದು. ಇಲ್ಲಿ ನಿರಾಕರಣೆಗೆ ಒಳಗಾಗಿರುವುದು ಒಂದು ವೃತ್ತಿ ಮತ್ತು ಅದರೊಡನೆ ಹೆಣೆದುಕೊಂಡ ಒಂದು ಬದುಕಿನ ಕ್ರಮ.

4. ತೆರದಿಂದ ವರದಕ್ಷಿಣೆಗೆ, ಅಲ್ಲಿಂದ ಮುಂದಕ್ಕೆ

ಈ ನಿರಾಕರಣೆಗೆ ಒಂದು ಚರಿತ್ರೆಯಿದೆ. ಹಳೆಯ ಮೈಸೂರಿನ ಬೇಸಾಯಗಾರ ಸಮುದಾಯಗಳಲ್ಲಿ ಗಂಡಿನ ಕಡೆಯವರು ಹೆಣ್ಣಿನ ಕಡೆಯವರಿಗೆ 'ತೆರ' ಕೊಡುವ ಪದ್ಧತಿಯಿತ್ತು. ಹೊಲದಲ್ಲಿ ದುಡಿಯುವ ಒಂದು ಜೀವವನ್ನು ತವರು ಕಳೆದುಕೊಳ್ಳುತ್ತದೆ, ಗಂಡನ ಮನೆ ಪಡೆದುಕೊಳ್ಳುತ್ತದೆ ಎಂಬ ತಿಳಿವಳಿಕೆ ಅದರ ಹಿಂದಿತ್ತು. ಮಂಡ್ಯದ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿದ ಟಿ. ಸ್ಕಾರ್ಲೆಟ್ ಎಪ್‌ಸ್ಟೈನ್ ಅವರು, ನೀರಾವರಿಯಿಂದ ಸಂಪನ್ನವಾದ ಹಳ್ಳಿಯಲ್ಲಿ ತೆರ ಮರೆಯಾಗಿ ವರದಕ್ಷಿಣೆ ತಲೆಯೆತ್ತಿದ್ದನ್ನು ತಮ್ಮ 1973ರ ಕೃತಿಯಲ್ಲಿ ದಾಖಲಿಸಿದ್ದಾರೆ. ಎಂ.ಎನ್. ಶ್ರೀನಿವಾಸರೂ ಈ ಪಲ್ಲಟವನ್ನು ವಿವೇಚಿಸಿದ್ದಾರೆ. ಮನೆಗೆ ಅನುಕೂಲ ಹೆಚ್ಚಿದಂತೆ ಹೆಂಗಸರನ್ನು ಹೊಲದ ಕೆಲಸದಿಂದ ಬಿಡಿಸುವುದು ಅಂತಸ್ತಿನ ಗುರುತಾಯಿತು. ಗಂಡುಮಕ್ಕಳ ಓದು ಮತ್ತು ಸರ್ಕಾರಿ ನೌಕರಿಗೆ ಬೆಲೆ ಕಟ್ಟುವುದು ಮೊದಲಾಯಿತು. ವರದಕ್ಷಿಣೆ ನಿಷೇಧ ಕಾಯಿದೆ 1961ರಲ್ಲೇ ಬಂದರೂ ಈ ಹರಿವನ್ನು ತಡೆಯಲಾಗಲಿಲ್ಲ.

ಇಂದು ಒಕ್ಕಲು ಮನೆಗಳಲ್ಲಿ ಮೂರನೆಯ ಘಟ್ಟವೊಂದು ಕಾಣಿಸುತ್ತಿದೆ. ವರದಕ್ಷಿಣೆ ಬೇಡ, ಮದುವೆಯ ಖರ್ಚನ್ನೂ ನಾವೇ ನೋಡಿಕೊಳ್ಳುತ್ತೇವೆ ಎಂದು ಗಂಡಿನ ಕಡೆಯವರು ಹೇಳಿಕಳುಹಿಸುತ್ತಾರೆ. ಮೇಲ್ನೋಟಕ್ಕೆ ಇದು ತೆರಕ್ಕೆ ಮರಳಿದಂತೆ ತೋರಿದರೂ ಒಳಗಿನ ತರ್ಕ ತಿರುವುಮುರುವಾಗಿದೆ. ತೆರ ಸಲ್ಲುತ್ತಿದ್ದುದು ಹೆಣ್ಣು ಹೊಲದಲ್ಲಿ ದುಡಿಯುತ್ತಾಳೆ ಎಂಬ ಕಾರಣಕ್ಕೆ. ಇಂದಿನ ಕೊಡುಗೆಯ ಜೊತೆಗೆ ಬರುವ ಭರವಸೆ, ಹುಡುಗಿ ಹೊಲದ ಕಡೆ ತಲೆಹಾಕಬೇಕಿಲ್ಲ, ಕೊಟ್ಟಿಗೆಯ ಸಗಣಿ ಬಾಚಬೇಕಿಲ್ಲ ಎಂಬುದು. ಒಕ್ಕಲುತನದಲ್ಲಿ ಹೆಣ್ಣಿನ ಪಾಲಿಗೆ ಬಂದಿರುವುದೇನು ಎಂಬುದನ್ನು ಒಕ್ಕಲು ಮನೆಗಳೇ ಹೀಗೆ ಒಪ್ಪಿಕೊಂಡಂತಾಗಿದೆ.

5. ದುಡಿಮೆ ಮತ್ತು ಪಹಣಿ

ರಾಗಿಯ ಹೊಲದಲ್ಲಿ ಕಳೆ ಕೀಳುವುದು, ತೆನೆ ಕೊಯ್ಯುವುದು, ಹುಲ್ಲು ಹೊರುವುದು, ಹಾಲು ಕರೆದು ಡೈರಿಗೆ ಹಾಕುವುದು, ಆಲೂಗಡ್ಡೆ ಆಯುವುದು ಇವೆಲ್ಲ ಬಹುಮಟ್ಟಿಗೆ ಹೆಂಗಸರ ಕೆಲಸಗಳು. ಉಳುಮೆಗೆ ಟ್ರ್ಯಾಕ್ಟರ್ ಬಂತು, ಒಕ್ಕಣೆಗೆ ಯಂತ್ರ ಬಂತು; ಗಂಡಸರ ಪಾಲಿನ ಶ್ರಮ ಹಗುರವಾದಷ್ಟು ಹೆಂಗಸರ ಪಾಲಿನದು ಹಗುರವಾಗಲಿಲ್ಲ. ಹೊಲದಿಂದ ಬಂದ ಮೇಲೆ ಒಲೆ, ನೀರು, ಪಾತ್ರೆ, ಮಕ್ಕಳು, ಮುದುಕರು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ ಮನೆಗೆಲಸದಲ್ಲಿ ತೊಡಗುವ ಮಹಿಳೆ ದಿನಕ್ಕೆ ಸರಾಸರಿ 299 ನಿಮಿಷವನ್ನೂ ಪುರುಷ 97 ನಿಮಿಷವನ್ನೂ ಅದಕ್ಕೆ ವ್ಯಯಿಸುತ್ತಾರೆ. ಪುರುಷರಲ್ಲಿ ತೊಡಗುವವರ ಸಂಖ್ಯೆಯೇ ಕಡಿಮೆಯೆಂಬುದನ್ನೂ ಇಲ್ಲಿ ಮರೆಯುವಂತಿಲ್ಲ.

ದುಡಿಮೆ ಇಷ್ಟಾದರೂ ಪಹಣಿಯ ಕಾಲಮಿನಲ್ಲಿ ಹೆಣ್ಣಿನ ಹೆಸರು ವಿರಳ. 2015–16ರ ಕೃಷಿ ಗಣತಿಯಂತೆ ದೇಶದ ಸಾಗುವಳಿ ಹಿಡುವಳಿದಾರರಲ್ಲಿ ಮಹಿಳೆಯರು ಸುಮಾರು ಶೇ. 14 ಮಾತ್ರ. ಹಿಡುವಳಿಯೇ ಕಿರಿದಾಗುತ್ತಿದೆ, ಕರ್ನಾಟಕದಲ್ಲಿ ಸರಾಸರಿ ಹಿಡುವಳಿ 2010–11ರಲ್ಲಿ 1.55 ಹೆಕ್ಟೇರ್ ಇದ್ದದ್ದು 2015–16ರಲ್ಲಿ 1.36 ಹೆಕ್ಟೇರಿಗೆ ಇಳಿಯಿತು. ಕಾಯಿದೆಯ ಮಟ್ಟಿಗೆ ಕರ್ನಾಟಕ ಮುಂದಿತ್ತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಸಮಪಾಲು ನೀಡುವ ಹಿಂದೂ ಉತ್ತರಾಧಿಕಾರ ಕಾಯಿದೆಯ ರಾಜ್ಯ ತಿದ್ದುಪಡಿ ಇಲ್ಲಿ 1994ರಲ್ಲೇ ಜಾರಿಗೆ ಬಂತು. ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ. ಈ ಹಕ್ಕು ಹುಟ್ಟಿನಿಂದಲೇ ಸಿದ್ಧವಾದದ್ದೆಂದು 2020ರಲ್ಲಿ ವಿನೀತಾ ಶರ್ಮ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಆದರೂ ಅಣ್ಣತಮ್ಮಂದಿರ ಬಾಂಧವ್ಯ ಕೆಡದಿರಲೆಂದು ಹೆಣ್ಣುಮಕ್ಕಳು ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕುವುದು ಲೋಕರೂಢಿಯಾಗಿ ಉಳಿದಿದೆ. ತವರಿನ ಭೂಮಿಯನ್ನು ಬಿಟ್ಟುಕೊಟ್ಟು, ಗಂಡನ ಭೂಮಿಯಲ್ಲಿ ಹೆಸರಿಲ್ಲದೆ ದುಡಿಯುವುದು ಒಕ್ಕಲಗಿತ್ತಿಯ ಪಾಡು.

ಇದೇ ಸೀಮೆಯ ಬದುಕನ್ನು ಚಿತ್ರಿಸಿದ ಎಸ್.ಎಲ್. ಭೈರಪ್ಪನವರ 'ಗೃಹಭಂಗ' ಕಾದಂಬರಿಯನ್ನು (1970) ಇಲ್ಲಿ ನೆನೆಯಬಹುದು. ತಿಪಟೂರು–ಚನ್ನರಾಯಪಟ್ಟಣದ ಸುತ್ತಲಿನ ಹಳ್ಳಿಗಳ ಆ ಕಥನದಲ್ಲಿ ಶಾನುಭೋಗಿಕೆ ಗಂಡನದು, ಲೆಕ್ಕ ಬರೆಯುವವಳು ನಂಜಮ್ಮ. ಅದು ಒಕ್ಕಲು ಮನೆಯಲ್ಲ, ಕಾಲವೂ ಬೇರೆ. ಆದರೆ ಹೆಸರು ಒಬ್ಬರದು, ದುಡಿಮೆ ಇನ್ನೊಬ್ಬರದು ಎಂಬ ವ್ಯವಸ್ಥೆ ಪಹಣಿಯ ಮಟ್ಟಿಗೆ ಇಂದಿಗೂ ಮುಂದುವರಿದಿದೆ. ಇಂದಿನ ಹುಡುಗಿಯರು ಬೇಸಾಯವನ್ನು ಅರಿಯದೆ ತಿರಸ್ಕರಿಸುತ್ತಿದ್ದಾರೆಂಬ ಆಕ್ಷೇಪ ಈ ಕಾರಣದಿಂದ ನಿಲ್ಲುವುದಿಲ್ಲ. ತಾಯಿಯ ಬೆನ್ನುನೋವನ್ನು, ಹಾಲಿನ ಬಟವಾಡೆ ಯಾರ ಕೈ ಸೇರುತ್ತದೆಂಬುದನ್ನು ಕಂಡು ಬೆಳೆದವರು ಅವರು. ನಿನ್ನ ಪಾಡು ನನ್ನಂತಾಗದಿರಲಿ ಎಂದು ಮಗಳನ್ನು ಕಾಲೇಜಿನ ಬಸ್ಸು ಹತ್ತಿಸುವವಳು ಅನೇಕ ವೇಳೆ ತಾಯಿಯೇ. ಬೇಸಾಯಗಾರನಿಗೆ ಬಂದಿರುವ ನಿರಾಕರಣೆಯಲ್ಲಿ ಮಗಳ ದನಿಯೊಡನೆ ತಾಯಿಯ ದನಿಯೂ ಬೆರೆತಿದೆ.

6. ಮದುವೆಯ ನುಡಿಗಟ್ಟು

ಈ ಪಲ್ಲಟವನ್ನು ನಮ್ಮ ನುಡಿಯೇ ಹಿಡಿದಿಟ್ಟಿದೆ. ಕನ್ನಡದಲ್ಲಿ ಮದುವೆಯ ಸಂಬಂಧದ ಕ್ರಿಯಾಪದಗಳೆಂದರೆ ಹೆಣ್ಣು ಕೇಳುವುದು, ನೋಡುವುದು, ಕೊಡುವುದು, ತರುವುದು, ಧಾರೆ ಎರೆದು ಕೊಡುವುದು. ಈ ಎಲ್ಲ ವಾಕ್ಯಗಳಲ್ಲೂ ಹೆಣ್ಣು ಕರ್ಮಪದ. ಕರ್ತೃಸ್ಥಾನದಲ್ಲಿ ಇರುವವರು ಹಿರಿಯರು. 'ಆ ಊರಿಗೆ ಹೆಣ್ಣು ಕೊಟ್ಟಿದ್ದೇವೆ', 'ಈ ಊರಿಂದ ಹೆಣ್ಣು ತಂದಿದ್ದೇವೆ' ಎಂಬ ಮಾತುಗಳು ಎರಡು ಕುಲಗಳ ವ್ಯವಹಾರವನ್ನು ಹೇಳುತ್ತವೆಯೇ ಹೊರತು ಹೆಣ್ಣಿನ ಇಚ್ಛೆಯನ್ನಲ್ಲ. ಜನಪದ ಗರತಿಯರು ತವರನ್ನು ನೆನೆದು ಹಾಡಿದ ಹಾಡುಗಳಲ್ಲಿ ಆ ಇಚ್ಛೆ ಹಂಬಲವಾಗಿ ಮಾತ್ರ ಉಳಿಯಿತು.

ಇಂದು ಹಳ್ಳಿಗಳಲ್ಲಿ ಹೆಚ್ಚಾಗಿ ಕೇಳಿಬರುವ ವಾಕ್ಯ 'ಹುಡುಗಿ ಒಪ್ಪಲಿಲ್ಲ' ಎಂಬುದು. ಸಾಲಾವಳಿ ಕೂಡಿದರೂ, ಹಿರಿಯರು ಮಾತು ಮುಗಿಸಿದರೂ ಈ ಒಂದು ವಾಕ್ಯ ಸಂಬಂಧವನ್ನು ನಿಲ್ಲಿಸುತ್ತದೆ. ಇಲ್ಲಿ ಹುಡುಗಿ ಕರ್ತೃಸ್ಥಾನಕ್ಕೆ ಬಂದಿದ್ದಾಳೆ. ಇದನ್ನು ಅಪ್ರಿಯವೆಂದು ಭಾವಿಸುವವರೂ ಇದೊಂದು ಸಾಮಾಜಿಕ ಸಾಧನೆಯೆಂಬುದನ್ನು ಗುರುತಿಸಬೇಕಾಗಿದೆ. ಸರ್ವಜ್ಞನು ಮೇಟಿಯ ವಿದ್ಯೆಯನ್ನು ಮಿಕ್ಕ ವಿದ್ಯೆಗಳಿಗಿಂತ ಮೇಲೆಂದು ಕೊಂಡಾಡಿದ. ಆದರೆ 'ರೈತ', 'ಒಕ್ಕಲಿಗ', 'ಅನ್ನದಾತ' ಎಂಬ ನಮ್ಮ ಗೌರವಪದಗಳೆಲ್ಲ ಪುಲ್ಲಿಂಗವಾಗಿಯೇ ಉಳಿದವು. 'ರೈತ ಮಹಿಳೆ' ಎಂಬುದು ಇಲಾಖೆಗಳ ಕಡತದಿಂದ ಬಂದ ಜೋಡಿಪದ. ಗೌರವದಲ್ಲಿ ಪಾಲು ಕೊಡದ ವೃತ್ತಿಗೆ ಸಮ್ಮತಿಯನ್ನು ನಿರೀಕ್ಷಿಸುವುದು ಕಷ್ಟ.

7. ಉಳಿದುಹೋದವರು

ಹೆಣ್ಣುಮಕ್ಕಳ ನಿಲುವು ನ್ಯಾಯಸಮ್ಮತವೆಂದ ಮಾತ್ರಕ್ಕೆ ಊರಿನಲ್ಲಿ ಉಳಿದ ಹುಡುಗನ ನೋವು ಹುಸಿಯಾಗುವುದಿಲ್ಲ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ಡಿಯೊ ತನ್ನ ಹುಟ್ಟುನೆಲವಾದ ಬೆಯಾರ್ನ್ ಪ್ರಾಂತ್ಯದ ರೈತ ಬ್ರಹ್ಮಚಾರಿಗಳನ್ನು ಕುರಿತು 1962ರಲ್ಲಿ ವಿಸ್ತಾರವಾಗಿ ಬರೆದ. ಹಳ್ಳಿಯ ಕುಣಿತದ ಕೂಟದಲ್ಲಿ ಕುಣಿಯಲಾರದೆ ಅಂಚಿನಲ್ಲಿ ನಿಂತು ನೋಡುವ ಅವಿವಾಹಿತರ ಚಿತ್ರ ಅಲ್ಲಿದೆ. ಭೂಮಿಗೆ ವಾರಸುದಾರನಾಗುವುದು ಒಂದು ಕಾಲಕ್ಕೆ ಅದೃಷ್ಟವಾಗಿತ್ತು. ಪಟ್ಟಣದ ಮೌಲ್ಯಗಳು ಹಳ್ಳಿಯನ್ನು ಹೊಕ್ಕಾಗ ಅದೇ ಶಾಪವಾಯಿತು. ಹಳ್ಳಿಯ ಗಂಡಸು ತನ್ನ ನಡೆನುಡಿಯನ್ನು, ಮೈಕಟ್ಟನ್ನು ಪಟ್ಟಣದ ಕಣ್ಣಿನಿಂದ ನೋಡಿಕೊಂಡು ನಾಚುವುದನ್ನು ಬೋರ್ಡಿಯೊ ಗುರುತಿಸುತ್ತಾನೆ. ನಮ್ಮ ಊರುಗಳ ಮದುವೆ ಚಪ್ಪರಗಳಲ್ಲಿ ಬಡಿಸಲು ಓಡಾಡುವ, ನಿನ್ನದು ಯಾವಾಗ ಎಂಬ ಪ್ರಶ್ನೆಗೆ ತಲೆತಗ್ಗಿಸುವ ಮೂವತ್ತೈದರ ಹುಡುಗರ ಸ್ಥಿತಿಯೂ ಭಿನ್ನವಲ್ಲ. ತಂದೆತಾಯಿಯನ್ನು ನೋಡಿಕೊಳ್ಳಲು, ತೋಟ ಒಣಗದಂತೆ ಕಾಯಲು ಊರಲ್ಲಿ ಉಳಿದವನಿಗೆ ಆ ಕರ್ತವ್ಯವೇ ಒಂಟಿತನದ ಕಾರಣವಾಗುತ್ತದೆ. ಕುಡಿತ, ಖಿನ್ನತೆಗಳಿಗೆ ಇದು ದಾರಿ ಮಾಡಿಕೊಡಬಲ್ಲುದು. ಪಾದಯಾತ್ರೆಯನ್ನು ನಗೆಯ ಸುದ್ದಿಯಾಗಿ ಕಂಡವರು ಈ ಮುಖವನ್ನು ಗಮನಿಸಲಿಲ್ಲ.

ಸಂಬಂಧ ಹುಡುಕುತ್ತ ದೂರದ ಜಿಲ್ಲೆಗಳಿಗೆ ಹೋಗುವುದು ಈಗ ರೂಢಿಯಾಗುತ್ತಿದೆ. ದಲ್ಲಾಳಿಗಳಿಂದ ಮೋಸಹೋಗುವ ಅಪಾಯವೂ ಅದರೊಡನಿದೆ. ಇಲ್ಲಿ ಒಂದು ಸಂಗತಿ ವಿಚಾರಾರ್ಹ. ಹೆಣ್ಣು ಸಿಗದಿರುವಾಗ ಮೊದಲು ಸಡಿಲವಾಗುವುದು ಒಳಪಂಗಡದ ಗೆರೆ, ಆಮೇಲೆ ದೂರದ ಗೆರೆ, ಜಾತಕದ ಗೆರೆ. ಜಾತಿಯ ಗೆರೆ ಮಾತ್ರ ಕೊನೆಯವರೆಗೂ ಅಳಿಸುವುದಿಲ್ಲ. ಇನ್ನೂರು ಮೈಲಿಯಾಚೆಯ ಅಪರಿಚಿತ ಮನೆಗೆ ಹೋಗಲು ಸಿದ್ಧವಿರುವ ಕುಟುಂಬ ಪಕ್ಕದ ಬೀದಿಯಲ್ಲಿ ಒಟ್ಟಿಗೆ ಓದಿ ಬೆಳೆದ ಬೇರೆ ಜಾತಿಯ ಹುಡುಗಿಯನ್ನು ನೆನೆಯುವುದೂ ಇಲ್ಲ. ಕುವೆಂಪು ಅವರ ಮಂತ್ರಮಾಂಗಲ್ಯದ ಆಶಯವನ್ನು ಒಪ್ಪಿಕೊಂಡು ಸರಳ ವಿವಾಹಗಳನ್ನು ನಡೆಸಿದ ರೈತ ಚಳವಳಿಯೂ ಈ ಗೋಡೆಯನ್ನು ಅಲುಗಿಸಿದ್ದು ಅಲ್ಪಸ್ವಲ್ಪ. ಕೊರತೆ ಎಂಬುದರ ಒಂದು ಭಾಗ ನಾವೇ ಎಳೆದುಕೊಂಡ ಗೆರೆಗಳಿಂದ ಹುಟ್ಟಿದ್ದು.

8. ಉಪಸಂಹಾರ

ಮೇಲಿನ ವಿವೇಚನೆಯ ಬೆಳಕಿನಲ್ಲಿ ಮದುವೆಗೆ ಹಣದ ಪ್ರೋತ್ಸಾಹ ಕೊಡುವ ಯೋಚನೆ ಸಮಸ್ಯೆಯ ಮೂಲವನ್ನು ಮುಟ್ಟುವುದಿಲ್ಲ. ದಕ್ಷಿಣ ಕೊರಿಯಾದ ಸ್ಥಳೀಯ ಆಡಳಿತಗಳು ರೈತ ಯುವಕರು ಹೊರದೇಶದ ವಧುಗಳನ್ನು ಕರೆತರಲು ಸಹಾಯಧನ ನೀಡಿದವು. 2005ರಲ್ಲಿ ಅಲ್ಲಿ ಮದುವೆಯಾದ ಕೃಷಿಕ ಮತ್ತು ಮೀನುಗಾರ ಗಂಡಸರಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಮಂದಿಯ ಸಂಗಾತಿಗಳು ವಿದೇಶೀಯರು. ಮದುವೆಗಳೇನೋ ನಡೆದವು, ಆದರೆ ಹಳ್ಳಿಗಳಿಂದ ಯುವಜನ ಹೊರಡುವುದು ನಿಲ್ಲಲಿಲ್ಲ.

ಹುಡುಗಿಯೊಬ್ಬಳು ಒಪ್ಪುವಂಥ ಒಕ್ಕಲುತನ ಹೇಗಿರಬೇಕು ಎಂಬುದು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ. ನೀರಿನ ಭರವಸೆ ಮತ್ತು ಬೆಲೆಯ ಸ್ಥಿರತೆ ಅದರ ಒಂದು ಭಾಗ. ಅದು ಸರ್ಕಾರದ ಕೆಲಸ. ಪಹಣಿಯಲ್ಲಿ ಹೆಂಡತಿಯ ಹೆಸರನ್ನೂ ಸೇರಿಸುವುದು, ಹಾಲಿನ ಬಟವಾಡೆ ಕರೆದವಳ ಖಾತೆಗೇ ಸೇರುವುದು, ಓದಿದ ಸೊಸೆ ಅರಸೀಕೆರೆಗೋ ಹಾಸನಕ್ಕೋ ದಿನವೂ ಕೆಲಸಕ್ಕೆ ಹೋಗಿಬರುವುದನ್ನು ಮನೆ ಒಪ್ಪುವುದು, ಗಂಡಸು ಒಲೆಯ ಮುಂದೆ ಕೂರಲು ನಾಚದಿರುವುದು ಇವು ಇನ್ನೊಂದು ಭಾಗ. 2023ರ ಜೂನ್‌ನಿಂದ ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ದೊರೆತ ಮೇಲೆ ಹಳ್ಳಿಯಲ್ಲಿದ್ದುಕೊಂಡೇ ಪಟ್ಟಣದಲ್ಲಿ ದುಡಿಯುವ ಸಾಧ್ಯತೆ ತುಸು ಹಿಗ್ಗಿದೆ. ಬಸ್ಸೇ ಬಾರದ ಊರುಗಳಿಗೆ ಅದು ಇನ್ನೂ ತಲುಪಬೇಕಾಗಿದೆ.

ಈ ಎರಡನೆಯ ಭಾಗಕ್ಕೆ ಯಾವ ಯೋಜನೆಯ ಮಂಜೂರಾತಿಯೂ ಬೇಕಿಲ್ಲ. ಊರಲ್ಲೇ ಉಳಿದಿರುವ ಯುವಕರು ತಮ್ಮ ತಾಯಿಯ, ಅಕ್ಕತಂಗಿಯರ ವಿಷಯದಲ್ಲಿ ಅದನ್ನು ಇಂದೇ ಆರಂಭಿಸಬಹುದು. ತಂಗಿಯಿಂದ ಹಕ್ಕು ಬಿಡುಗಡೆಯ ಸಹಿ ಪಡೆದ ಮನೆಯೊಂದು ಬೇರೊಬ್ಬರ ಮಗಳು ಬಂದು ನಮ್ಮ ಭೂಮಿಯನ್ನು ತನ್ನದೆಂದು ತಿಳಿದು ದುಡಿಯಲಿ ಎಂದು ಬಯಸುವುದರಲ್ಲಿರುವ ವಿರೋಧವನ್ನು ಮೊದಲು ಕಾಣಬೇಕಾದವರೂ ಅವರೇ.